ಕೊಡಗಿನಲ್ಲಿ ಪೀಡೆನಾಶಕ ವಿಷಗಳು ಮತ್ತು ಸಾಕುಪ್ರಾಣಿಗಳು

ಬೆಳೆ ತಿನ್ನುವ ಕೀಟ, ಇಲಿ, ಬಸವನಹುಳು, ರೋಗ ತರುವ ಶಿಲೀಂಧ್ರ, ತೋಟದ ಕಳೆ ಇವನ್ನು ಅಡಗಿಸಲು ಬಳಸುವ ರಾಸಾಯನಿಕಗಳು ಮನೆಯ ದನ, ಹಂದಿ, ಆಡು, ಕೋಳಿ, ನಾಯಿ, ಬೆಕ್ಕುಗಳ ಮೈ ಸೇರಿ ಉಂಟುಮಾಡುವ ವಿಷಬಾಧೆ, ಕೊಡಗು ಜಿಲ್ಲೆಯಲ್ಲಿ ತೋಟಗಾರಿಕೆಯ ಜೊತೆಜೊತೆಗೇ ಬಂದಿರುವ ಅಪಾಯ. ದೇಶದ ಕಾಫಿಯ ಸುಮಾರು ಮೂರನೆಯ ಒಂದು ಪಾಲು ಬೆಳೆಯುವುದು 4,102 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಪುಟ್ಟ ಜಿಲ್ಲೆಯಲ್ಲಿ. ಕಾಫಿಯ ನಡುವೆ ಕರಿಮೆಣಸು, ಏಲಕ್ಕಿ, ಕಿತ್ತಳೆ, ಬಾಳೆ. ತಗ್ಗಿನಲ್ಲಿ ಭತ್ತದ ಗದ್ದೆ, ಕೆಲವೆಡೆ ಶುಂಠಿ. ಒಂದೊಂದು ಬೆಳೆಗೂ ಅದರದೇ ಪೀಡೆ, ಒಂದೊಂದು ಪೀಡೆಗೂ ಬೇರೆ ಬೇರೆ ಮದ್ದು.

ಬಯಲುಸೀಮೆಯಲ್ಲಿ ಊರು ಒಂದು ಕಡೆ, ಹೊಲ ಇನ್ನೊಂದು ಕಡೆ ಇರುತ್ತದೆ. ಕೊಡಗಿನಲ್ಲಿ ಮನೆ ಇರುವುದೇ ತೋಟದೊಳಗೆ. ಕಾಫಿ ಒಣಗಿಸುವ ಕಣ, ಗೊಬ್ಬರ ಮತ್ತು ಔಷಧಿ ಇಡುವ ಗೋದಾಮು, ದನದ ಕೊಟ್ಟಿಗೆ, ಹಂದಿಗೂಡು, ಕೆಲಸದವರ ಲೈನ್ ಮನೆ ಎಲ್ಲವೂ ಕೂಗಿದರೆ ಕೇಳುವಷ್ಟು ಹತ್ತಿರ. ನಾಯಿ ಹಗಲೆಲ್ಲ ತೋಟದಲ್ಲಿ ಅಲೆಯುತ್ತದೆ, ಕೋಳಿ ಕಾಫಿ ಗಿಡದ ಬುಡ ಕೆದಕುತ್ತದೆ, ದನ ಬಾಣೆಯಲ್ಲಿ ಮೇದು ತೋಟದ ದಾರಿಯಲ್ಲೇ ಕೊಟ್ಟಿಗೆಗೆ ಮರಳುತ್ತದೆ. ಅದರಾಚೆ ಬೇಲಿಯೇ ಇಲ್ಲದಂತೆ ಕಾಡು. ಹೀಗಾಗಿ ಒಂದು ಜೀವಿಗೆಂದು ಇಟ್ಟ ವಿಷ ಅದೊಂದಕ್ಕೇ ಸೀಮಿತವಾಗಿ ನಿಲ್ಲುವ ನೆಲ ಇದಲ್ಲ.

ವಿಷಬಾಧೆ ಎಂದಾಗ ಜನರ ಮನಸ್ಸಿಗೆ ಮೊದಲು ಬರುವುದು ಸಿಂಪಡಣೆ. ಬೆನ್ನಿಗೆ ಪಂಪು ಹೊತ್ತು ಮದ್ದು ಹೊಡೆಯುವುದು ಕಣ್ಣಿಗೆ ಕಾಣುತ್ತದೆ, ವಾಸನೆಯೂ ಬರುತ್ತದೆ. ಆ ಹೊತ್ತು ದನ ಬಿಡಬಾರದೆಂಬ ಎಚ್ಚರವೂ ಬಹುಪಾಲು ಮನೆಗಳಲ್ಲಿ ಇರುತ್ತದೆ. ಅದಕ್ಕಿಂತ ಮೋಸದ ದಾರಿಗಳು ಎರಡು. ಒಂದು, ತಿನಿಸಿನ ರೂಪದಲ್ಲಿ ಇಡುವ ವಿಷ: ಇಲಿಗೆ ಇಟ್ಟ ಕೇಕು, ಬಸವನಹುಳಕ್ಕೆ ಚೆಲ್ಲಿದ ತೌಡಿನ ಉಂಡೆ. ಇನ್ನೊಂದು, ಕೆಲಸ ಮುಗಿದ ಮೇಲೆ ಉಳಿಯುವುದು: ಪೀಪಾಯಿಯ ತಳದ ನೀರು, ಖಾಲಿ ಡಬ್ಬಿ, ಹರಿದ ಚೀಲ, ತೊಳೆದ ಬಕೆಟ್ಟು. ಉಪ್ಪಿಗೆ ಹಸಿದ ದನ ಚೀಲ ನೆಕ್ಕುತ್ತದೆ, ಬಾಯಾರಿದ ಕರು ಯಾವ ಬಕೆಟ್ಟಿಗಾದರೂ ಮೂತಿ ಹಾಕುತ್ತದೆ. ಎಲೆಗೆ ಹೊಡೆಯಲೆಂದು ಕಲಸಿಟ್ಟ ಯೂರಿಯಾ ನೀರು ಪೀಡೆನಾಶಕವಲ್ಲದಿದ್ದರೂ, ಅದನ್ನು ಒಂದೇ ಸಲಕ್ಕೆ ಕುಡಿದ ಹಸು ಹೊಟ್ಟೆ ಉಬ್ಬರಿಸಿ, ನಡುಗಿ ಸಾಯಬಲ್ಲದು. ಮದ್ದು ಕಲಸುವ ಜಾಗವನ್ನು ಕೊಟ್ಟಿಗೆಯಿಂದ ದೂರ ಮಾಡಿ, ಅದಕ್ಕೊಂದು ಬೀಗದ ಬಾಗಿಲು ಹಾಕಿದರೆ ತಪ್ಪಿಸಬಹುದಾದ ಸಾವುಗಳು ಇವು.

ಇಲಿ ವಿಷ

ಭತ್ತದ ಪತಾಯ, ಅಡಿಕೆ ಮತ್ತು ಕಾಫಿಯ ಗೋದಾಮು, ಏಲಕ್ಕಿ ಮಲೆ ಎಲ್ಲ ಕಡೆ ಇಲಿ ಹೆಗ್ಗಣಗಳ ಕಾಟ ಇರುವುದರಿಂದ ಇಲಿ ವಿಷ ಕೊಡಗಿನ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಹೆಸರು ಒಂದೇ ಆದರೂ ಪೊಟ್ಟಣದೊಳಗಿನ ವಸ್ತು ಒಂದೇ ಅಲ್ಲ. ಕಪ್ಪು ಬೂದು ಬಣ್ಣದ ಪುಡಿ ಸತುವಿನ ಫಾಸ್ಫೈಡ್. ಬಣ್ಣದ ಕೇಕು ಅಥವಾ ಬಿಲ್ಲೆಯಾಗಿ ಬರುವುದು ಸಾಮಾನ್ಯವಾಗಿ ಬ್ರೊಮಾಡಯೊಲೋನ್. ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ ಬರುತ್ತಿದ್ದುದು ಹಳದಿ ರಂಜಕ. ಈ ಮೂರೂ ಮೂರು ಬಗೆಯಲ್ಲಿ ಕೊಲ್ಲುತ್ತವೆ. ನಾಯಿಯನ್ನು ಪಶುವೈದ್ಯರ ಬಳಿಗೆ ಒಯ್ಯುವವರು ಬರೀ ‘ಇಲಿ ಪಾಷಾಣ ತಿಂದಿದೆ’ ಎಂದರೆ ಅವರಿಗೆ ಸಿಗುವ ಮಾಹಿತಿ ಬಹಳ ಕಡಿಮೆ.

ಸತುವಿನ ಫಾಸ್ಫೈಡ್ ಹೊಟ್ಟೆಯ ಆಮ್ಲ ಮತ್ತು ತೇವಕ್ಕೆ ತಗುಲಿದಾಗ ಫಾಸ್ಫೀನ್ ಎಂಬ ಅನಿಲವಾಗುತ್ತದೆ. ಕೊಲ್ಲುವುದು ಆ ಅನಿಲ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ, ವಾಂತಿ, ಏದುಸಿರು, ಸೆಳೆತ, ಕೆಲವೇ ಗಂಟೆಗಳಲ್ಲಿ ಸಾವು. ಹೊಟ್ಟೆ ತುಂಬಿರುವಾಗ ಆಮ್ಲ ಹೆಚ್ಚು ಸ್ರವಿಸುವುದರಿಂದ ಉಂಡ ನಾಯಿಗೆ ಅಪಾಯ ಹೆಚ್ಚು. ಹೀಗಾಗಿ ವಿಷ ತಿಂದ ನಾಯಿಗೆ ಅನ್ನ, ಹಾಲು ಹಾಕಿ ವಿಷ ಇಳಿಸುತ್ತೇವೆಂದು ಹೊರಡುವುದು ಇಲ್ಲಿ ತಿರುಗುಬಾಣವಾಗುತ್ತದೆ. ಪ್ರಮಾಣದ ಅಂದಾಜಿಗೆ: ಹೆಚ್ಚಿನ ಪ್ರಾಣಿಗಳಲ್ಲಿ ಮೈತೂಕದ ಕಿಲೋಗೆ 20ರಿಂದ 40 ಮಿಲಿಗ್ರಾಂ ಇದರ ಮಾರಕ ಮಟ್ಟ. ಗದ್ದೆಗೆ ಕಲಸುವ ಪಾಷಾಣದಲ್ಲಿ 96 ಪಾಲು ಕಾಳು, 2 ಪಾಲು ಎಣ್ಣೆ, 2 ಪಾಲು ಶೇ 80ರ ಪುಡಿ ಇರುತ್ತದೆ. 15 ಕಿಲೋ ತೂಗುವ ನಾಯಿಗೆ ಈ ಮಿಶ್ರಣ 40 ಗ್ರಾಮಿನಷ್ಟು ಸಾಕು, ಎಂದರೆ ಒಂದು ಹಿಡಿ. ಕೋಳಿಗೆ ಚೆಲ್ಲಿದ ಕಾಳು ಯಾವುದು, ವಿಷದ ಕಾಳು ಯಾವುದು ಎಂದು ಗೊತ್ತಾಗುವ ಮಾತೇ ಇಲ್ಲ. ಇದಕ್ಕೆ ನೇರವಾದ ಪ್ರತಿವಿಷ ಇಲ್ಲ. ಇನ್ನೂ ಒಂದು ಎಚ್ಚರ ಬೇಕು: ಸತುವಿನ ಫಾಸ್ಫೈಡ್ ತಿಂದ ಪ್ರಾಣಿ ವಾಂತಿ ಮಾಡಿದಾಗ ಹೊರಬರುವ ಅನಿಲ ಹತ್ತಿರವಿದ್ದ ಮನುಷ್ಯರಿಗೂ ವಿಷ. ಮುಚ್ಚಿದ ಜೀಪಿನಲ್ಲಿ, ಕಿಟಕಿ ಏರಿಸಿ ನಾಯಿಯನ್ನು ಕರೆದೊಯ್ಯಬಾರದು.

ಬ್ರೊಮಾಡಯೊಲೋನ್ ಮತ್ತು ಅದರ ಹಿರಿಯ ಬಂಧು ವಾರ್ಫರಿನ್ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳು. ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಯಕೃತ್ತು ತಯಾರಿಸುವುದಕ್ಕೆ ವಿಟಮಿನ್ ಕೆ ಬೇಕು. ಈ ವಿಷ ಅದರ ಚಕ್ರವನ್ನೇ ತಡೆಯುತ್ತದೆ. ಮೈಯಲ್ಲಿ ಅದುವರೆಗೆ ಇದ್ದ ಅಂಶಗಳು ಖರ್ಚಾಗುವವರೆಗೆ ಪ್ರಾಣಿ ಆರೋಗ್ಯವಾಗಿಯೇ ಇರುತ್ತದೆ. ಮೂರನೆಯದೋ ಐದನೆಯದೋ ದಿನ ಒಸಡು ಬಿಳಿಚಿಕೊಂಡು, ಮೂಗಿನಲ್ಲಿ ರಕ್ತ, ಕಪ್ಪು ಸಗಣಿ, ಎದೆಯೊಳಗೆ ರಕ್ತ ತುಂಬಿ ಏದುಸಿರು. ಅಷ್ಟರಲ್ಲಿ ಮನೆಯವರಿಗೆ ಇಲಿ ಕೇಕು ಇಟ್ಟದ್ದೇ ಮರೆತಿರುತ್ತದೆ. ಬೇಸರದ ಸಂಗತಿ ಎಂದರೆ, ಈ ಮೂರು ಇಲಿ ವಿಷಗಳ ಪೈಕಿ ಖಚಿತ ಚಿಕಿತ್ಸೆ ಇರುವುದು ಇದಕ್ಕೇ. ವಿಟಮಿನ್ ಕೆ1 ಮಾತ್ರೆಯನ್ನು ಮೂರು ನಾಲ್ಕು ವಾರ ತಪ್ಪದೆ ಕೊಟ್ಟರೆ ಬಹುಪಾಲು ನಾಯಿಗಳು ಬದುಕುತ್ತವೆ; ಒಂದು ವಾರಕ್ಕೆ ಚೇತರಿಸಿತೆಂದು ನಿಲ್ಲಿಸಿದರೆ ರಕ್ತಸ್ರಾವ ಮರುಕಳಿಸುತ್ತದೆ. ಹಂದಿ ವಾರ್ಫರಿನ್‌ಗೆ ಬಹು ಬೇಗ ಬಲಿಯಾಗುವ ಪ್ರಾಣಿ. ಮನೆಮನೆಯಲ್ಲಿ ಹಂದಿ ಸಾಕುವ ಕೊಡಗಿನಲ್ಲಿ ಗೂಡಿನ ಪಕ್ಕ ಇಲಿ ಬಿಲ್ಲೆ ಇಡುವ ಮುನ್ನ ನೆನಪಿಡಬೇಕಾದ ಮಾತಿದು. ಬೆಕ್ಕಿಗೆ ಇನ್ನೊಂದು ದಾರಿಯಿಂದಲೂ ಅಪಾಯ: ವಿಷ ತಿಂದು ಮಂಕಾಗಿ ಓಡಾಡುವ ಇಲಿಯನ್ನೇ ಅದು ಹಿಡಿಯುತ್ತದೆ. ತೋಟದ ಗೂಬೆಗಳದೂ ಇದೇ ಪಾಡು. ಇಲಿ ಹಿಡಿಯುವ ಜೀವವನ್ನೇ ಇಲಿಯ ವಿಷ ಕಳೆದುಬಿಡುತ್ತದೆ.

ಬಿಲ್ಲೆಯನ್ನು ಬಯಲಿನಲ್ಲಿ ಎಸೆಯದೆ, ಇಲಿ ಮಾತ್ರ ನುಗ್ಗುವಷ್ಟು ಕಿರಿದಾದ ಪೈಪಿನ ತುಂಡು ಅಥವಾ ಬಿದಿರಿನ ಅಂಡೆಯೊಳಗೆ ತಂತಿಯಿಂದ ಬಿಗಿದು ಇಡುವುದು, ಬೆಳಗಾದೊಡನೆ ಸತ್ತ ಇಲಿಗಳನ್ನು ಹುಡುಕಿ ಹೂಳುವುದು ಸರಳ ಕ್ರಮಗಳು. ಮನೆಯೊಳಗೆ ಬೋನು, ಅಡಕತ್ತರಿ ಬಳಸಿದರೆ ವಿಷದ ಗೊಡವೆಯೇ ಬೇಡ.

ಬಸವನಹುಳು ಮತ್ತು ತೌಡಿನ ಉಂಡೆ

ಆಫ್ರಿಕದ ದೈತ್ಯ ಬಸವನಹುಳು 1847ರಲ್ಲಿ ಕಲ್ಕತ್ತೆಯ ಮೂಲಕ ಭಾರತಕ್ಕೆ ಬಂತು. ಕೊಡಗಿನಲ್ಲಿ ಅದರ ಹಾವಳಿ ಹೆಚ್ಚಾಗಿ ಸುದ್ದಿಯಾದದ್ದು ಸೋಮವಾರಪೇಟೆ ತಾಲ್ಲೂಕಿನ ಶನಿವಾರಸಂತೆ ಸುತ್ತಿನಲ್ಲಿ. ಮಳೆ ಹಿಡಿದರೆ ರಾತ್ರೋರಾತ್ರಿ ಸಾವಿರಾರು ಹುಳುಗಳು ಕಾಫಿ ಗಿಡ, ನೆರಳಿನ ಮರ, ತರಕಾರಿ, ಬಾಳೆಗಳಿಗೆ ಹತ್ತುತ್ತವೆ. ಬೆಳೆಗಾರರ ಸಂಕಟ ದೊಡ್ಡದೇ. ಅದಕ್ಕೆ ಬಂದ ಪರಿಹಾರ ಎರಡು ಬಗೆಯದು: ಮೆಟಾಲ್ಡಿಹೈಡ್ ಗುಳಿಗೆ, ಇಲ್ಲವೇ ತೌಡು, ಬೆಲ್ಲ, ಹರಳೆಣ್ಣೆ ಕಲಸಿ ಥಯೋಡಿಕಾರ್ಬ್ ಸೇರಿಸಿದ ಮಿಶ್ರಣ.

ತೌಡು ಬೆಲ್ಲದ ಉಂಡೆ ಹಸುವಿಗೂ ಹಂದಿಗೂ ನಾಯಿಗೂ ಹಬ್ಬದೂಟ. ಮಳೆಗಾಲದ ಸಂಜೆ ಚೆಲ್ಲಿದ ಮಿಶ್ರಣ ಬೆಳಿಗ್ಗೆ ದನ ಬಿಡುವ ಹೊತ್ತಿಗೂ ಅಲ್ಲೇ ಇರುತ್ತದೆ. ಮೆಟಾಲ್ಡಿಹೈಡ್ ಗುಳಿಗೆಯಲ್ಲೂ ಹುಳುವನ್ನು ಸೆಳೆಯಲು ಧಾನ್ಯದ ಹಿಟ್ಟನ್ನೇ ಬಳಸುತ್ತಾರೆ. ನಾಯಿಯಲ್ಲಿ ಇದರ ಮಾರಕ ಮಟ್ಟ ಕಿಲೋಗೆ 100 ಮಿಲಿಗ್ರಾಮಿನಿಂದ ಮೇಲೆ ಎಂದು ಹೇಳಲಾಗಿದೆ, ಶೇ 2.5ರ ಗುಳಿಗೆಯ ಲೆಕ್ಕದಲ್ಲಿ 15 ಕಿಲೋ ನಾಯಿಗೆ ಸುಮಾರು 60 ಗ್ರಾಂ. ತಿಂದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ತೂರಾಟ, ಜೊಲ್ಲು, ಎಡೆಬಿಡದ ನಡುಕ. ಸ್ನಾಯುಗಳ ಆ ನಡುಕದಿಂದಲೇ ಮೈಬಿಸಿ ಏರಿ ಏರಿ ಪ್ರಾಣಕ್ಕೆ ಮುಟ್ಟುತ್ತದೆ. ಪ್ರತಿವಿಷ ಇಲ್ಲ. ಸೆಳೆತ ತಡೆಯುವ ಔಷಧಿ, ಡ್ರಿಪ್, ಮೈ ತಂಪು ಮಾಡುವುದು ಇಷ್ಟೇ ವೈದ್ಯರ ಕೈಯಲ್ಲಿರುವುದು. ಮೊದಲ ದಿನ ಉಳಿದ ನಾಯಿಗೆ ಎರಡು ಮೂರು ದಿನಗಳ ಮೇಲೆ ಯಕೃತ್ತಿನ ತೊಂದರೆ ಕಾಣಿಸಿಕೊಳ್ಳಬಹುದು.

ಥಯೋಡಿಕಾರ್ಬ್ ತಿಂದ ಪ್ರಾಣಿಯೂ ಹೀಗೇ ಜೊಲ್ಲು ಸುರಿಸಿ ನಡುಗುತ್ತದೆ. ಆದರೆ ಅದು ಕಾರ್ಬಮೇಟ್ ಗುಂಪಿನದು, ಮೈಯೊಳಗೆ ಮೀಥೊಮಿಲ್ ಆಗಿ ಒಡೆಯುವಂಥದು. ಅದಕ್ಕೆ ಅಟ್ರೋಪಿನ್ ಚುಚ್ಚುಮದ್ದು ಕೆಲಸ ಮಾಡುತ್ತದೆ. ಒಂದೇ ಊರಿನ ಎರಡು ತೋಟಗಳಲ್ಲಿ, ಒಂದೇ ಹುಳುವಿಗೆ ಇಟ್ಟ ಎರಡು ವಿಷಗಳಲ್ಲಿ ಒಂದಕ್ಕೆ ಪ್ರತಿವಿಷ ಇದೆ, ಇನ್ನೊಂದಕ್ಕೆ ಇಲ್ಲ. ಪಕ್ಕದ ತೋಟದವರು ಏನು ಹಾಕಿದರೆಂದು ಕೇಳಿ ತಿಳಿಯುವುದು ಈ ಕಾರಣಕ್ಕೆ ನೆರೆಹೊರೆಯ ಮಾತುಕತೆಗಿಂತ ಮಿಗಿಲಾದ ಕೆಲಸ.

ಊರಿನವರೆಲ್ಲ ಸೇರಿ ಒಟ್ಟಿಗೆ ಹುಳು ಹೆಕ್ಕುವುದು, ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ ಕೋಸಿನ ಎಲೆ ಹಾಕಿ ಹುಳುಗಳನ್ನು ಒಂದೆಡೆ ಸೇರಿಸಿ ನಾಶ ಮಾಡುವುದು ನಿಧಾನದ ಕೆಲಸವಾದರೂ ಪ್ರಾಣಿಗಳಿಗೆ ಹಾನಿಯಿಲ್ಲ. ವಿಷ ಇಡಲೇಬೇಕಾದರೆ ಪ್ರಾಣಿಯ ಮೂತಿ ತಲುಪದ ಕಡೆ ಇಟ್ಟು, ಆ ಪಟ್ಟೆಗೆ ಕೆಲವು ದಿನ ದನ ನಾಯಿ ಬಿಡದಿರುವುದು ಕನಿಷ್ಠ ಮರ್ಯಾದೆ.

ಕಾಫಿ ಗಿಡದ ಮದ್ದುಗಳು

ಕಾಫಿ ಕಾಯಿಕೊರಕ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಕೆಲವೇ ವರ್ಷಗಳಲ್ಲಿ ಕೊಡಗಿಗೂ ಹಬ್ಬಿತು. ಅರೇಬಿಕ ಗಿಡದ ಬಿಳಿ ಕಾಂಡಕೊರಕವಂತೂ ಹಳೆಯ ಶತ್ರು. ಇವುಗಳ ಮೇಲೆ ಲಿಂಡೇನ್, ಎಂಡೋಸಲ್ಫಾನ್, ಕ್ಲೋರ್‌ಪೈರಿಫಾಸ್ ಒಂದರ ಹಿಂದೊಂದು ಬಳಕೆಗೆ ಬಂದವು. ಹಿಟ್ಟುತಿಗಣೆಗೂ ಅದನ್ನು ಹೊತ್ತು ತಿರುಗುವ ಇರುವೆಗೂ ಗಿಡದ ಬುಡಕ್ಕೆ ಕೀಟನಾಶಕದ ಪುಡಿ ಉದುರಿಸುತ್ತಾರೆ. ಕೋಳಿ ಕೆದಕುವ ಮಣ್ಣೂ ಅದೇ.

ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಫೋರೇಟ್ ಮುಂತಾದವು ಆರ್ಗನೊಫಾಸ್ಫೇಟ್ ಗುಂಪಿನವು. ನರದಿಂದ ನರಕ್ಕೆ, ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಸವನ್ನು ಕೆಲಸ ಮುಗಿದೊಡನೆ ಒಡೆದುಹಾಕುವ ಕಿಣ್ವವೊಂದು ಇರುತ್ತದೆ. ಈ ವಿಷ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಸಂದೇಶ ನಿಲ್ಲುವುದೇ ಇಲ್ಲ: ಹಸುವಿನ ಬಾಯಲ್ಲಿ ನೊರೆಜೊಲ್ಲು, ಕಣ್ಣಲ್ಲಿ ನೀರು, ಪದೇ ಪದೇ ಸಗಣಿ ಗಂಜಲ, ಸೂಜಿಮೊನೆಯಷ್ಟು ಕಿರಿದಾದ ಕಣ್ಣುಪಾಪೆ, ಮೈಯಲ್ಲಿ ಅದುರು, ಕೊನೆಗೆ ಶ್ವಾಸನಾಳದಲ್ಲಿ ಲೋಳೆ ತುಂಬಿ ಉಸಿರು ಕಟ್ಟುತ್ತದೆ. ಅಟ್ರೋಪಿನ್ ಜೊತೆಗೆ ಪ್ರಾಲಿಡಾಕ್ಸಿಮ್ ಬೇಗ ಸಿಕ್ಕರೆ ಬದುಕಿಸಬಹುದು. ತಡವಾದಷ್ಟೂ ಕಿಣ್ವದ ಮೇಲಿನ ವಿಷದ ಹಿಡಿತ ಬಿಡಿಸಲಾಗದಂತೆ ಬಿಗಿಯುತ್ತದೆ.

ಕೀಟನಾಶಕಗಳಲ್ಲಿ ಹರಳಿನ ರೂಪದವು ಬೇರೆಯೇ ಬಗೆಯ ಅಪಾಯ. ಫೋರೇಟ್ ಮತ್ತು ಕಾರ್ಬೊಫ್ಯೂರಾನ್ ಹರಳುಗಳನ್ನು ಬಾಳೆ, ಭತ್ತ, ಏಲಕ್ಕಿ, ಶುಂಠಿಯ ಮಣ್ಣಿಗೆ ಹಾಕುತ್ತ ಬಂದರು. ಕೋಳಿ, ನವಿಲು ಅವನ್ನು ಮರಳಿನ ಕಣವೆಂದು ಹೆಕ್ಕಿ ನುಂಗುತ್ತವೆ. 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 18 ಪೀಡೆನಾಶಕಗಳನ್ನು ನಿಷೇಧಿಸಿತು. ಮೀಥೈಲ್ ಪ್ಯಾರಾಥಿಯಾನ್ ಆಗಲೇ ಹೋಯಿತು, ಫೋರೇಟ್ ಮತ್ತು ಡೈಕ್ಲೋರ್ವಾಸ್‌ಗೆ 2020ರ ಡಿಸೆಂಬರ್ 31ರವರೆಗೆ ಅವಧಿ ಕೊಟ್ಟರು. 2023ರಲ್ಲಿ ಮೀಥೊಮಿಲ್ ನಿಷೇಧವಾಯಿತು. ನಿಷೇಧದ ಆದೇಶ ಗೋದಾಮಿನ ಅಟ್ಟದ ಮೇಲಿರುವ ಹಳೆಯ ಚೀಲವನ್ನು ಖಾಲಿ ಮಾಡುವುದಿಲ್ಲ ಎಂಬುದನ್ನು ತೋಟದ ಮನೆಯವರು ಗಮನಿಸಬೇಕು.

ಲಿಂಡೇನ್ ಬಳಕೆ 2013ರಲ್ಲಿ ನಿಂತಿತು. ಕಾಂಡಕೊರಕಕ್ಕೆ ಶೇ 10ರ ಸುಣ್ಣದ ನೀರನ್ನು ಕಾಂಡಕ್ಕೆ ಬಳಿಯುವ ಪದ್ಧತಿ ಪ್ರಾಣಿಗಳ ದೃಷ್ಟಿಯಿಂದ ಎಷ್ಟೋ ಮೇಲು. ಕಾಯಿಕೊರಕಕ್ಕೆ ಮದ್ಯಸಾರದ ವಾಸನೆಯಿಂದ ದುಂಬಿಯನ್ನು ಸೆಳೆಯುವ ಬ್ರೋಕಾ ಬಲೆ, ದುಂಬಿಗೆ ರೋಗ ತರುವ ಬ್ಯೂವೇರಿಯ ಶಿಲೀಂಧ್ರ, ಹಣ್ಣನ್ನು ಹೊತ್ತಿಗೆ ಸರಿಯಾಗಿ ಕೊಯ್ದು ನೆಲಕ್ಕೆ ಬಿದ್ದ ಕಾಯಿಯನ್ನು ಪೂರ್ತಿ ಹೆಕ್ಕುವುದು, ಇವನ್ನೆಲ್ಲ ಕಾಫಿ ಮಂಡಳಿಯ ಸಂಶೋಧಕರು ಒತ್ತಿ ಹೇಳುತ್ತ ಬಂದಿದ್ದಾರೆ. ಮಂಡಳಿಯ ಉಪಸಂಶೋಧನಾ ಕೇಂದ್ರ ಕೊಡಗಿನ ಚೆಟ್ಟಳ್ಳಿಯಲ್ಲೇ ಇದೆ.

ಪ್ರಾಣಿಯ ಮೈಗೆ ಬೇಕೆಂದೇ ಹಚ್ಚುವ ಮದ್ದಿನಿಂದಾಗುವ ಸಾವುಗಳೂ ಇವೆ. ಮಳೆಗಾಲದ ಕೊಡಗಿನಲ್ಲಿ ಉಣ್ಣೆ, ಜಿಗಣೆ ಕಾಟ ವಿಪರೀತ. ಗಿಡಕ್ಕೆಂದು ತಂದ ಕೀಟನಾಶಕವನ್ನೇ ನೀರಿಗೆ ಬೆರೆಸಿ ನಾಯಿಯನ್ನೋ ಕರುವನ್ನೋ ಮೀಯಿಸಿಬಿಡುವವರಿದ್ದಾರೆ. ಬೆಳೆಯ ಮದ್ದಿನಲ್ಲಿರುವ ದ್ರಾವಕ ಚರ್ಮದ ಮೂಲಕ ವಿಷವನ್ನು ಒಳಗೆ ಸಾಗಿಸುತ್ತದೆ. ಮೈ ನೆಕ್ಕಿಕೊಂಡಾಗ ಬಾಯಿಂದಲೂ ಹೋಗುತ್ತದೆ. ಪಶುಗಳಿಗೆಂದೇ ತಯಾರಾದ ಡೆಲ್ಟಾಮೆಥ್ರಿನ್, ಅಮಿಟ್ರಾಜ್ ದ್ರಾವಣಗಳಿಗೂ ಅಳತೆ ತಪ್ಪಬಾರದು. ಬೆಕ್ಕಿನ ಸಂಗತಿ ಬೇರೆಯೇ. ಪರ್ಮೆಥ್ರಿನ್ ಎಂಬ ಪೈರೆಥ್ರಾಯ್ಡ್ ಅನ್ನು ಒಡೆದು ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ತೀರ ಕಡಿಮೆ. ನಾಯಿಗೆ ಹಚ್ಚಿ ಏನೂ ಆಗದ ಉಣ್ಣೆ ಔಷಧಿಯನ್ನು ಅದೇ ಕೈಯಲ್ಲಿ ಬೆಕ್ಕಿಗೂ ಹಚ್ಚಿದರೆ ಬೆಕ್ಕು ಸೆಳೆತಕ್ಕೆ ಬಿದ್ದು ಸಾಯಬಹುದು.

ಮೈಲುತುತ್ತು, ಕಳೆನಾಶಕ

ಮುಂಗಾರಿನ ಮುಂಚೆ ಮತ್ತು ನಡುವೆ ಕಾಫಿ, ಕರಿಮೆಣಸಿಗೆ ಶೇ 1ರ ಬೋರ್ಡೊ ದ್ರಾವಣ ಹೊಡೆಯುತ್ತಾರೆ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸರಿಯಾಗಿ ತಯಾರಿಸಿದ್ದು ಇತರ ಮದ್ದುಗಳಷ್ಟು ಭಯಂಕರವಲ್ಲ. ಆದರೂ ಬಳ್ಳಿಯ ಬುಡದ ಹುಲ್ಲನ್ನು ಮಳೆಗಾಲದುದ್ದಕ್ಕೂ ಕೊಯ್ದು ಹಾಕಿದರೆ ಮೈಲುತುತ್ತಿನ ತಾಮ್ರ ಯಕೃತ್ತಿನಲ್ಲಿ ಸದ್ದಿಲ್ಲದೆ ಸೇರುತ್ತ ಹೋಗುತ್ತದೆ. ತಾಮ್ರಕ್ಕೆ ಎಲ್ಲಕ್ಕಿಂತ ಬೇಗ ಬಲಿಯಾಗುವ ಪ್ರಾಣಿ ಕುರಿ. ದನ, ಆಡು ಅದಕ್ಕಿಂತ ತಾಳಿಕೊಳ್ಳುತ್ತವೆ, ಹಂದಿ ಇನ್ನೂ ಹೆಚ್ಚು. ಒಂದು ದಿನ ಇದ್ದಕ್ಕಿದ್ದಂತೆ ರಕ್ತಕಣಗಳು ಒಡೆದು ಕಾಮಾಲೆ, ಕೆಂಪು ಮೂತ್ರ ಕಾಣಿಸುವ ತನಕ ಸುಳಿವು ಸಿಗುವುದಿಲ್ಲ.

ಕಳೆನಾಶಕಗಳಲ್ಲಿ ಪ್ಯಾರಾಕ್ವಾಟ್ ಎಲ್ಲಕ್ಕಿಂತ ಕ್ರೂರ. ಬಾಯಿ, ನಾಲಿಗೆ ಸುಟ್ಟು, ಕೆಲವು ದಿನಗಳ ಮೇಲೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುತ್ತದೆ. ಪ್ರತಿವಿಷ ಇಲ್ಲ, ಆಮ್ಲಜನಕ ಕೊಟ್ಟರೆ ಹಾನಿ ಹೆಚ್ಚುತ್ತದೆ. 2,4-ಡಿ ಹೊಡೆದ ಕಳೆ ಬಾಡುವಾಗ ದನಕ್ಕೆ ರುಚಿಯಾಗುವುದುಂಟು. ಎಂದೂ ಮುಟ್ಟದ ವಿಷಗಿಡವನ್ನೂ ಆಗ ಮೇದುಬಿಡುತ್ತವೆ.

ಜೇನು, ಮೀನು

ರೊಬಸ್ಟ ಕಾಫಿಗೆ ಪರಕೀಯ ಪರಾಗ ಬೇಕು. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ತುಡುವೆ, ಹೆಜ್ಜೇನುಗಳು ಮುತ್ತುತ್ತವೆ. ಆ ದಿನಗಳಲ್ಲಿ ಕೀಟನಾಶಕ ಹೊಡೆದರೆ ಪೆಟ್ಟು ಜೇನಿಗೂ ಫಸಲಿಗೂ. ಕೊಡಗಿನ ಜೇನುಕೃಷಿ ಕುಸಿದದ್ದು ಮುಖ್ಯವಾಗಿ 1990ರ ದಶಕದ ಆರಂಭದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದಿಂದ, ಅದನ್ನು ಕೀಟನಾಶಕದ ತಲೆಗೆ ಕಟ್ಟುವಂತಿಲ್ಲ. ಉಳಿದ ಪೆಟ್ಟಿಗೆಗಳನ್ನು ವಿಷದಿಂದ ಕಳೆದುಕೊಳ್ಳಬಾರದು. ಪೈರೆಥ್ರಾಯ್ಡ್‌ಗಳು ಮೀನಿಗೆ ಕಡು ವಿಷ. ಪಂಪು ಪೀಪಾಯಿಗಳನ್ನು ತೋಡಿನಲ್ಲಿ ತೊಳೆದರೆ ಕೆರೆಯ ಮೀನು, ಗದ್ದೆಯ ಏಡಿ ಸಾಯುತ್ತವೆ.

ಕಾಸರಗೋಡಿನ ಕರುಗಳು

ಪೀಡೆನಾಶಕದ ಹಾನಿಯನ್ನು ಪ್ರಾಣಿಗಳು ಮನುಷ್ಯರಿಗಿಂತ ಮೊದಲೇ ತೋರಿಸಿಕೊಟ್ಟ ದೊಡ್ಡ ಉದಾಹರಣೆ ಕೊಡಗಿನ ನೆರೆಯ ಜಿಲ್ಲೆಯದು. ಕಾಸರಗೋಡಿನ ಕನ್ನಡ ಭಾಗದಲ್ಲಿ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ ಪಂಚಾಯತಿಯ ಪಡ್ರೆ ಊರಿನಲ್ಲಿ ಅಂಗವಿಕಲ ಕರುಗಳು ಹುಟ್ಟಿದ್ದನ್ನು 1970ರ ದಶಕದ ಕೊನೆಯಲ್ಲೇ ಗಮನಿಸಿದವರು ಕೃಷಿಕ, ಪತ್ರಕರ್ತ ಶ್ರೀ ಪಡ್ರೆ. 1981ರಲ್ಲಿ ಅದರ ಬಗ್ಗೆ ಬರೆದರು. ಅದೇ ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಮುಂದೆ ಮನುಷ್ಯರಲ್ಲಿ ಕಂಡ ಅಸಹಜ ಕಾಯಿಲೆಗಳನ್ನು ಮನೆಮನೆಯಿಂದ ದಾಖಲಿಸಿದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಿನ ಗೇರು ನೆಡುತೋಪುಗಳ ಕಥೆಯೂ ಬೇರೆಯಲ್ಲ. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಅದಕ್ಕೂ ಮೊದಲು ಕೊಡಗಿನ ಬೆಳೆಗಾರರೂ ಕಾಯಿಕೊರಕಕ್ಕೆ ಇದನ್ನೇ ಹೊಡೆಯುತ್ತಿದ್ದರು. ಕರು ವಿಕಲವಾಗಿ ಹುಟ್ಟಿದಾಗ, ಹಸು ಪದೇ ಪದೇ ಕಂದು ಹಾಕಿದಾಗ ಅದನ್ನು ಹಣೆಬರಹವೆಂದು ಬಿಡದೆ ಪಶುವೈದ್ಯರಿಗೆ ತಿಳಿಸಿ ದಾಖಲು ಮಾಡಿಸಬೇಕೆಂಬ ಒತ್ತಾಯಕ್ಕೆ ಈ ಇತಿಹಾಸಕ್ಕಿಂತ ಬಲವಾದ ಕಾರಣ ಬೇಡ.

ಬೇಕೆಂದೇ ಇಡುವ ವಿಷ

ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್‌ನಿಂದ ನಾಯಿಗಳನ್ನು ಕೊಲ್ಲುತ್ತಿದ್ದ ಕಾಲವಿತ್ತು. ಈಗ ಆ ಜಾಗಕ್ಕೆ ಕೃಷಿಯ ಮದ್ದುಗಳು ಬಂದಿವೆ. ಕಾಡುಹಂದಿಗೆ, ಬೀದಿನಾಯಿಗೆ, ಹಸು ಹಿಡಿದ ಹುಲಿಗೆ ಎಂದು ಇಡುವ ವಿಷ ಅದನ್ನು ಮೂಸಿದ ಎಲ್ಲವನ್ನೂ ಕೊಲ್ಲುತ್ತದೆ. ಕಾಡಂಚಿನ ಕುಟ್ಟ, ಶ್ರೀಮಂಗಲ, ಬಾಳೆಲೆ ಕಡೆ ಹುಲಿ ದನ ಹಿಡಿದಾಗ ಆಗುವ ಸಂಕಟ ನಿಜವಾದದ್ದು. ದನ ಕಳೆದುಕೊಂಡವರಿಗೆ ಅರಣ್ಯ ಇಲಾಖೆಯ ಪರಿಹಾರ ಬೇಗ ತಲುಪಬೇಕಾದುದೂ ನ್ಯಾಯ. ಆದರೆ ಸತ್ತ ದನಕ್ಕೆ ವಿಷ ಹಾಕಿದರೆ ಏನಾಗುತ್ತದೆಂದು 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಕಂಡಿತು. ಹೂಗ್ಯಂ ವಲಯದಲ್ಲಿ ವಿಷಪೂರಿತ ಹಸುವಿನ ಮಾಂಸ ತಿಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತವು. ಅಂಥ ಕಳೇಬರದ ಸುತ್ತ ಊರಿನ ನಾಯಿ, ಹದ್ದು, ಕಾಗೆ, ನರಿ ಯಾವುದೂ ಉಳಿಯುವಂತಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬುದರಲ್ಲಿ ವಿಷವಿಕ್ಕುವುದನ್ನೂ ಸೇರಿಸಿದೆ. ಸಾಕುಪ್ರಾಣಿಗೆ ವಿಷ ಹಾಕಿ ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬೀದಿನಾಯಿಗಳಿಗೂ ಅನ್ವಯಿಸುತ್ತದೆ.

ವಿಷ ತಿಂದಾಗ

ಮೊದಲ ಕೆಲಸ ಪ್ರಾಣಿಯನ್ನು ವಿಷದಿಂದ ದೂರ ಮಾಡಿ, ಡಬ್ಬಿ ಅಥವಾ ಪೊಟ್ಟಣವನ್ನು ಹುಡುಕುವುದು. ಚೀಟಿಯ ಮೇಲೆ ರಾಸಾಯನಿಕದ ಹೆಸರೂ, ಪ್ರತಿವಿಷ ಇದ್ದರೆ ಅದೂ ಅಚ್ಚಾಗಿರುತ್ತದೆ. ಅಲ್ಲೇ ಇರುವ ಕೆಂಪು, ಹಳದಿ, ನೀಲಿ, ಹಸಿರು ಗುರುತು 1971ರ ಕೀಟನಾಶಕ ನಿಯಮಗಳಂತೆ ವಿಷದ ತೀವ್ರತೆಯನ್ನು ಸೂಚಿಸುತ್ತದೆ, ಕೆಂಪು ಅತಿ ತೀವ್ರ. ಹಸಿರು ಗುರುತಿದೆ ಎಂದ ಮಾತ್ರಕ್ಕೆ ಬೆಕ್ಕಿಗೋ ಮೀನಿಗೋ ಸುರಕ್ಷಿತ ಎಂದರ್ಥವಲ್ಲ. ಡಬ್ಬಿಯ ಚಿತ್ರ ತೆಗೆದು ಪಶುವೈದ್ಯರಿಗೆ ಕಳಿಸಿದರೆ ಅವರು ಹೊರಡುವ ಮುನ್ನವೇ ಬೇಕಾದ ಔಷಧಿ ತೆಗೆದುಕೊಳ್ಳಬಹುದು. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕಾಗಿ 1962 ಸಂಖ್ಯೆಗೆ ಕರೆ ಮಾಡಬೇಕು.

ಮೈಗೆ ಬಿದ್ದ ಮದ್ದನ್ನು ಕೈಗವಸು ಹಾಕಿಕೊಂಡು ಸಾಬೂನು ನೀರಿನಿಂದ ತೊಳೆಯಬಹುದು. ಹಾಲು, ತುಪ್ಪ, ಕೊಬ್ಬರಿ ಎಣ್ಣೆ, ಹುಣಸೆ ನೀರು, ಉಪ್ಪುನೀರು ಬಾಯಿಗೆ ಹೊಯ್ಯಬಾರದು. ಎಣ್ಣೆಯಲ್ಲಿ ಕರಗುವ ವಿಷಗಳನ್ನು ಎಣ್ಣೆ ಇನ್ನಷ್ಟು ಬೇಗ ಮೈಗೆ ಸೇರಿಸುತ್ತದೆ, ಉಪ್ಪುನೀರು ತಾನೇ ನಾಯಿಗೆ ವಿಷವಾಗಬಲ್ಲದು, ಸೆಳೆತದಲ್ಲಿರುವ ಪ್ರಾಣಿಗೆ ಹೊಯ್ದ ಯಾವುದೂ ಶ್ವಾಸಕೋಶಕ್ಕೇ ಇಳಿಯುತ್ತದೆ. ದನಕ್ಕೆ ವಾಂತಿ ಮಾಡಿಸಲಾಗದು; ವಿಷ ಅದರ ದೊಡ್ಡ ಹೊಟ್ಟೆಯಲ್ಲಿ ದಿನಗಟ್ಟಲೆ ಉಳಿಯುವುದರಿಂದ ಇದ್ದಿಲು ಪುಡಿ ಕುಡಿಸುವುದನ್ನೋ, ಹೊಟ್ಟೆ ಕೊಯ್ದು ಖಾಲಿ ಮಾಡುವುದನ್ನೋ ವೈದ್ಯರೇ ತೀರ್ಮಾನಿಸಬೇಕು. ಜೊಲ್ಲು ಸುರಿಸುವ ನಾಯಿಯ ಬಾಯಿಗೆ ಬರಿಗೈ ಹಾಕಬಾರದು, ರೇಬೀಸ್ ಕೂಡ ಹಾಗೇ ಕಾಣುತ್ತದೆ. ಹಾವು ಕಡಿತ, ಲಂಟಾನ ಅಥವಾ ಮರಗೆಣಸಿನ ಎಲೆ ಮೇದ ವಿಷಬಾಧೆ ಇವನ್ನೂ ವೈದ್ಯರು ಬೇರ್ಪಡಿಸಿ ನೋಡಬೇಕಾಗುತ್ತದೆ.

ಸಾವು ಅನುಮಾನಾಸ್ಪದವಾಗಿದ್ದರೆ ಹೂಳುವ ಮುನ್ನ ಮರಣೋತ್ತರ ಪರೀಕ್ಷೆ ಆಗಬೇಕು. ವಿಮೆಯ ಹಣಕ್ಕೂ ಪೊಲೀಸ್ ದೂರಿಗೂ ಅದೇ ಆಧಾರ. ಹೊಟ್ಟೆಯೊಳಗಿನ ವಸ್ತು, ಯಕೃತ್ತು, ಮೂತ್ರಪಿಂಡದ ತುಂಡುಗಳನ್ನು ಬೇರೆ ಬೇರೆ ಬಾಟಲಿಗಳಲ್ಲಿ ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕೊಡಗಿಗೆ ಹತ್ತಿರದ್ದು ಮೈಸೂರಿನ ಪ್ರಾದೇಶಿಕ ಪ್ರಯೋಗಾಲಯ. ಈ ತುಂಡುಗಳಿಗೆ ಫಾರ್ಮಲಿನ್ ಹಾಕಿದರೆ ವಿಷ ಪತ್ತೆಯಾಗುವುದು ಕಷ್ಟವಾಗುತ್ತದೆ. ವಿಷದಿಂದ ಸತ್ತ ಹಂದಿ, ಕೋಳಿಯ ಮಾಂಸವನ್ನು ತಿನ್ನಬಾರದು, ನಾಯಿಗೂ ಹಾಕಬಾರದು. ಬದುಕುಳಿದ ಹಸುವಿನ ಹಾಲನ್ನು ವೈದ್ಯರು ಹೇಳುವ ತನಕ ಮನೆಗೆ ಬಳಸದೆ, ಡೇರಿಗೂ ಹಾಕದೆ, ಕರುವಿಗೂ ಕುಡಿಸದೆ ಚೆಲ್ಲಬೇಕು. ಕಳೇಬರವನ್ನು ಬಾಣೆಯಲ್ಲಿ ಬಿಡದೆ, ತೋಡು ಬಾವಿಗಳಿಂದ ದೂರ, ನಾಯಿ ನರಿ ಕೆದಕಲಾಗದಷ್ಟು ಆಳದಲ್ಲಿ ಸುಣ್ಣ ಹಾಕಿ ಹೂಳಬೇಕು.